ಮೋಟರು ಕೆಟ್ಟೈತೆ

ಜೂನ್ 1, 2025. ಭಾನುವಾರ

ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಈ ಡೈರಿ ಐದು ತಿಂಗಳು ಅಡುಗೆಮನೆಯಲ್ಲಿತ್ತು. ನನ್ನ ಹೆಂಡತಿ ಹಾಲಮ್ಮ ಇದನ್ನು ಮೊಸರಿನ ಗಡಿಗೆಗೆ ಮುಚ್ಚಳ ಮಾಡಿಕೊಂಡಿದ್ದಳು. ಇವತ್ತು ಕೇಳಿದರೆ, ಈ ವಯಸ್ಸಿನಲ್ಲಿ ಏನು ಬರೆಯುತ್ತೀರಿ, ಬೆಳಿಗ್ಗೆ ಎದ್ದೆ, ಉಪ್ಪಿಟ್ಟು ತಿಂದೆ ಅಂತಲಾ ಅಂದಳು. ಅದನ್ನೂ ಬರೆಯುತ್ತೇನೆ. ಬೆಳಿಗ್ಗೆ ಎದ್ದೆ. ಉಪ್ಪಿಟ್ಟು ತಿಂದೆ. ಉಪ್ಪು ಕಡಿಮೆ ಇತ್ತು.

ನಿಜವಾದ ಕಾರಣ ಬೇರೆ. ಹರಿಹರದಲ್ಲಿರುವ ಅಕ್ಕನಿಗೆ ಹದಿನೈದು ದಿನಕ್ಕೊಂದು ಕಾಗದ ಬರೆಯುವುದು ನನ್ನ ಹಳೇ ರೂಢಿ. ಅವಳ ಹತ್ತಿರ ಫೋನಿದೆ. ಆದರೆ ಫೋನಿನ ಮಾತನ್ನು ಎರಡನೇ ಸಲ ಓದೋಕೆ ಬರಲ್ಲ ಅಂತಾಳೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಕ್ಷರ ದುಂಡಗಾದದ್ದೇ ಆ ಕಾಗದಗಳಿಂದ. ಆದರೆ ಅಕ್ಕನಿಗೆ ಬರೆಯುವಾಗ ಒಳ್ಳೆಯ ತಮ್ಮನಾಗಿ ಬರೆಯಬೇಕಾಗುತ್ತದೆ. ಒಳ್ಳೆಯ ತಮ್ಮ ಬರೆಯಲಾಗದ್ದು ಒಂದಿಷ್ಟು ಉಳಿದುಬಿಡುತ್ತದೆ. ಅದು ಇನ್ನು ಮೇಲೆ ಇಲ್ಲಿಗೆ.

ಸಂಜೆ ಜಮಾಲ್ ಸಾಬ್ ಬಂದಿದ್ದ. ಹರಿಹರದ ಫ್ಯಾಕ್ಟರಿಯಲ್ಲಿ ಇಪ್ಪತ್ತು ವರ್ಷ ಅವನು ಫಿಟ್ಟರು, ನಾನು ಲೇತು ಮೆಷಿನ್ನಿನವನು. ಫ್ಯಾಕ್ಟರಿ ಮುಚ್ಚಿದ ಮೇಲೆ ಅವನು ದಾವಣಗೆರೆಗೆ ಬಂದು ಭಾಮೈದನ ಜೊತೆ ಮಂಡಕ್ಕಿ ಭಟ್ಟಿ ಹಾಕಿದ. ಅವನ ಭಟ್ಟಿಯ ಅಂಗಳದಲ್ಲಿ ಒಂದು ಕಮಿಟಿ ಕೂಡುತ್ತದಂತೆ. ಜಾತಿ ಕೇಳಿ, ಧರ್ಮ ಕೇಳಿ, ಮೈಬಣ್ಣ ನೋಡಿ ಬಾಡಿಗೆಗೆ ಮನೆ ಕೊಡದವರ ವಿಷಯವಂತೆ. ಎಲ್ಲಾ ಬರೆದಿಡೋಕೆ ದುಂಡಗಿನ ಅಕ್ಷರದವರು ಬೇಕು ಅಂದ. ನನಗೆ ಇಂಥದ್ದರಲ್ಲಿ ಆಸಕ್ತಿ ಇಲ್ಲ. ಆದರೆ ಮಂಡಕ್ಕಿ, ಮಿರ್ಚಿ ಇರುತ್ತದೆ ಅಂದ. ಹೋಗುತ್ತೇನೆ.

ಜೂನ್ 3, ಮಂಗಳವಾರ

ಕಮಿಟಿಗೆ ದೊಡ್ಡ ಹೆಸರೊಂದಿದೆ. ಬಾಡಿಗೆ ಮನೆ ಸಮಾನತಾ ವೇದಿಕೆ. ಜನ ಮಂಡಕ್ಕಿ ಕಮಿಟಿ ಅಂತಾರೆ. ಮಂಡಕ್ಕಿ ಮೂಟೆಗಳ ಮೇಲೆ ಕೂತು ಮಾತಾಡುತ್ತಾರೆ. ಯಾರಾದರೂ ಸಿಟ್ಟಾಗಿ ಅಲ್ಲಾಡಿದರೆ ಮೂಟೆ ಕರಕರ ಅನ್ನುತ್ತದೆ, ಅಲ್ಲಿಗೆ ಸಿಟ್ಟಿನ ಬೆಲೆ ಹೋಯಿತು.

ನಡೆಸುವವಳು ಭವ್ಯಾ ಅನ್ನುವ ಹುಡುಗಿ, ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಇವಳಪ್ಪ ಪಕ್ಕದ ಬಾತಿ ಊರಲ್ಲಿ ಚಪ್ಪಲಿ ಹೊಲಿಯುತ್ತಿದ್ದನಂತೆ. ವಕೀಲೆಯಾದ ಮೇಲೂ ಇವಳಿಗೆ ಈ ಊರಲ್ಲಿ ಮನೆ ಸಿಗೋಕೆ ಏಳು ತಿಂಗಳು ಹಿಡಿಯಿತು. ಅದಕ್ಕೇ ಈ ಕಮಿಟಿ. ಪುಟ್ಟ ಆಳು, ಗಂಟಲು ದೊಡ್ಡದು.

ಈಗಿನ ತುರ್ತು ಒಬ್ಬ ವಿದ್ಯಾರ್ಥಿನಿಯದು. ಆಫ್ರಿಕಾದಾಕಿ, ಟಾಂಜಾನಿಯಾ ದೇಶ. ಇಲ್ಲಿ ಫಾರ್ಮಸಿ ಓದುತ್ತಾಳೆ, ಇನ್ನೊಂದು ವರ್ಷ ಬಾಕಿ. ಅವಳ ಹಾಸ್ಟೆಲಿನ ಚಾವಣಿ ಸೋರಿ, ರಿಪೇರಿಗೆ ಅಂತ ಜೂನ್ ಮೂವತ್ತಕ್ಕೆ ಎಲ್ಲರನ್ನೂ ಖಾಲಿ ಮಾಡಿಸುತ್ತಿದ್ದಾರೆ. ಅಷ್ಟರೊಳಗೆ ಯಾರಾದರೂ ಮನೆ ಕೊಟ್ಟು ಕರಾರು ಪತ್ರಕ್ಕೆ ಸಹಿ ಹಾಕಬೇಕು. ಅದಿಲ್ಲದಿದ್ದರೆ ಇವಳ ವೀಸಾ ಮುಂದುವರಿಯಲ್ಲ, ಓದು ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು. ಹದಿನೇಳು ಮನೆ ತಿರುಗಿದ್ದಾಳೆ. ಪಿ.ಜಿ.ಯವರೂ ಸೇರಿಸಿಕೊಂಡಿಲ್ಲ.

ನನಗೆ ಕೊಟ್ಟ ಕೆಲಸ ನೆವದ ಪುಸ್ತಕ ಬರೆಯುವುದು. ಯಾವ ಮಾಲೀಕ ಏನು ನೆವ ಹೇಳಿದ ಅಂತ ನಂಬರು ಹಾಕಿ ಬರೆಯಬೇಕು. ನಮ್ಮ ಊರಿನವರು ಮರ್ಯಾದಸ್ಥರು, ಮನೆ ಕೊಡಲ್ಲ ಅಂತ ಯಾರೂ ಅನ್ನುವುದಿಲ್ಲ. ಸುಣ್ಣ ಹೊಡೆಸಬೇಕು, ಮಗಳು ಬಾಣಂತನಕ್ಕೆ ಬರ್ತಾಳೆ, ನಿನ್ನೆ ಸಂಜೆಯೇ ಒಬ್ಬರು ಮಾತಾಡಿಕೊಂಡು ಹೋದರು. ಆ ಹುಡುಗಿ ಒಂದೊಂದನ್ನೂ ಕನ್ನಡದಲ್ಲೇ ಒಪ್ಪಿಸಿದಳು, ಒಂದು ತಪ್ಪಿಲ್ಲ. ಎಲ್ಲಿ ಕಲಿತೆ ಇಷ್ಟು ಚಂದದ ಕನ್ನಡ ಅಂದೆ.

"ಬಾಗಿಲಲ್ಲಿ" ಅಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಸ್ವಲ್ಪ ತಡವಾಗಿ.

ಆಮೇಲೆ ಭವ್ಯಾ, ಇಲ್ಲಿ ಯಾರದಾದರೂ ಮನೆ ಖಾಲಿ ಇದೆಯೇ ಅಂತ ಸುಮ್ಮನೆ ಕೇಳಿದಳು. ನಮ್ಮ ಮೇಲಿನ ಮನೆ ಯುಗಾದಿಯಿಂದ ಖಾಲಿ ಇರುವುದು ಜಮಾಲನಿಗೆ ಗೊತ್ತು. ಅವನು ನನ್ನ ಕಡೆ ನೋಡಲಿಲ್ಲ, ಮಿರ್ಚಿ ಕಡೆ ನೋಡಿದ. ನಾನೇ ಹೇಳಿದೆ, ಮೇಲೆ ಒಂದು ಮನೆ ಇದೆ, ಆದರೆ ಮೋಟರು ಕೆಟ್ಟಿದೆ, ನೀರು ಹತ್ತಲ್ಲ.

ನಾನೇನೂ ಬಣ್ಣ ನೋಡುವವನಲ್ಲ. ಆದರೆ ಆ ಹುಡುಗಿ ಎತ್ತರ. ಮೇಲಿನ ಮನೆ ಬಾಗಿಲು ಗಿಡ್ಡ. ಇದನ್ನೆಲ್ಲ ಯೋಚಿಸಬೇಕು.

ಜೂನ್ 4, ಬುಧವಾರ

ಮೋಟರು ಚೆನ್ನಾಗಿಯೇ ಇದೆ. ಬೆಳಿಗ್ಗೆ ಹಾಕಿದೆ, ಗುಂಯ್ ಅಂತು, ಟ್ಯಾಂಕು ತುಂಬಿತು. ಎಪ್ಪತ್ತೊಂದು ವರ್ಷದಲ್ಲಿ ಸುಳ್ಳು ಹೇಳಿ ಗೊತ್ತಿಲ್ಲ ನನಗೆ.

ಮಧ್ಯಾಹ್ನ ಹಾಲಮ್ಮ ಮಲಗಿದ್ದಾಗ ಮೋಟರಿನ ಸ್ವಿಚ್ ಬೋರ್ಡಿನಿಂದ ಪಿಂಗಾಣಿ ಫ್ಯೂಸು ಬಿಚ್ಚಿ, ಒರೆಸಿ, ಫ್ಯಾಕ್ಟರಿ ಕಾಲದ ಊಟದ ಡಬ್ಬಿಯಲ್ಲಿಟ್ಟು ಅಟ್ಟದ ಮೇಲೆ ಇಟ್ಟೆ. ಈಗ ಮೋಟರು ಓಡಲ್ಲ. ನಾನು ಹೇಳಿದ್ದು ನಿಜ ಆಯಿತು. ಮನಸ್ಸು ಹಗುರಾಗಿದೆ.

ಜೂನ್ 6, ಶುಕ್ರವಾರ

ಬಚ್ಚಲಿಗೆ ನೀರು ಬರುವುದೂ ಮೇಲಿನ ಟ್ಯಾಂಕಿನಿಂದಲೇ ಅನ್ನುವುದು ಮರೆತುಹೋಗಿತ್ತು. ಹಾಲಮ್ಮ ಸಂಪಿನಿಂದ ಕೊಡದಲ್ಲಿ ಹೊರುತ್ತಿದ್ದಾಳೆ. ಲೇತು ತಿರುಗಿಸಿದ ಕೈಗೆ ಒಂದು ಮೋಟರು ರಿಪೇರಿ ಬರಲ್ಲವಾ ಅಂತ ಕೇಳಿದಳು. ಮೆಕ್ಯಾನಿಕ್ಕಿಗೆ ಹೇಳಿದ್ದೇನೆ ಅಂದೆ. ಇನ್ನು ಇದನ್ನೂ ನಿಜ ಮಾಡಲು ಒಬ್ಬ ಮೆಕ್ಯಾನಿಕ್ಕಿಗೆ ಹೇಳಬೇಕು.

ಜೂನ್ 8, ಭಾನುವಾರ

ನಿನ್ನೆ ಬಕ್ರೀದು. ಜಮಾಲನ ಮನೆಯಲ್ಲಿ ಇವತ್ತೂ ನೆಂಟರು, ಅವನು ಬರಲಿಲ್ಲ. ಭವ್ಯಾ, ನಾನು ಮತ್ತು ಆ ಹುಡುಗಿ ಮನೆ ನೋಡಲು ಹೋದೆವು. ಹಿರಿಯರೊಬ್ಬರು ಜೊತೆಗಿದ್ದರೆ ಬಾಗಿಲು ಪೂರ್ತಿ ತೆರೆಯುತ್ತದೆ ಅನ್ನುವುದು ಭವ್ಯಾಳ ಲೆಕ್ಕಾಚಾರ. ನನಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರ್ರಿ ಅಂದಿದ್ದಳು. ಹಾಕಿಕೊಂಡಿದ್ದೆ. ಬಾಗಿಲು ತೆರೆದವು. ಮನೆ ತೆರೆಯಲಿಲ್ಲ.

ಒಂದು ಮನೆಯಲ್ಲಿ ಯಜಮಾನ ಕಾಫಿ ಕೊಟ್ಟು, ಆಫ್ರಿಕಾದ ಬಗ್ಗೆ ಅರ್ಧ ಗಂಟೆ ತಾನೇ ಮಾತಾಡಿ, ನಮಗೇನೂ ಇಲ್ಲ, ಮನೆಯಾಕಿ ಒಪ್ಪಲ್ಲ ಅಂದ. ಆಮೇಲೆ ಭವ್ಯಾಳ ಕಡೆ ತಿರುಗಿ, "ಅದಿರ್ಲಿ, ನೀವು ಯಾವ ಜನ?" ಅಂದ.

"ತಿಂಗಳ ಮೊದಲನೇ ತಾರೀಕಿಗೆ ಬಾಡಿಗೆ ಕೊಡೋ ಜನರೀ" ಅಂದಳು ಭವ್ಯಾ.

ನನಗೆ ನಗು ಬಂತು, ಕಾಫಿ ನೆತ್ತಿಗೇರಿತು. ಆ ಹುಡುಗಿ ಬೆನ್ನು ತಟ್ಟಿದಳು. ಕೈ ಭಾರ, ಆದರೆ ಕೆಮ್ಮು ನಿಂತಿತು.

ಪುಸ್ತಕದಲ್ಲಿ ಮನೆಯಾಕಿ ಒಪ್ಪಲ್ಲ ಅನ್ನುವುದು ಇದು ಒಂಬತ್ತನೇ ಸಲ. ಗಂಡಸರಿಲ್ಲದ ಹೊತ್ತಿನಲ್ಲಿ ಕೇಳಿದ ಮನೆಗಳಲ್ಲಿ ಹೆಂಗಸರು ಏನು ಹೇಳಿದ್ದಾರೆ ಅಂತ ಹಿಂದಿನ ಪುಟ ತಿರುವಿ ನೋಡಿದೆ. ನಮ್ಮನೆಯೋರು ಒಪ್ಪಲ್ಲ. ಇದನ್ನು ನಾನೇ ಕಂಡುಹಿಡಿದು ಭವ್ಯಾಗೆ ತೋರಿಸಿದೆ. ಬಹಳ ಹೊಗಳಿದಳು. ಮನೆಗೆ ಬಂದು ಹಾಲಮ್ಮನಿಗೂ ಹೇಳಿದೆ. ಅವಳು ಕೊಡ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಗಂಡಸರು ಅಂದ್ರೆ ಹಂಗೇ ಬಿಡ್ರಿ ಅಂದಳು.

ಜೂನ್ 10, ಮಂಗಳವಾರ

ಭವ್ಯಾ ನನ್ನನ್ನು ಪಕ್ಕಕ್ಕೆ ಕರೆದು, ಮೋಟರು ಒಂದೇನಾ ಅಜ್ಜಾ, ಬೇರೆ ತೊಂದರೆ ಐತಾ ಅಂದಳು. ವಕೀಲರ ಮುಂದೆ ಬಾಯಿ ಬಿಡಬಾರದು. ನಾನು ಬಿಟ್ಟೆ. ಹಾಲಮ್ಮನಿಗೆ ಮಡಿ ಜಾಸ್ತಿ ಅಂದೆ. ಹರಿಹರದ ಅಕ್ಕ ಬಂದು ಹೋಗಿ ಮಾಡುತ್ತಾಳೆ, ಹಳೇ ಕಾಲದಾಕಿ, ನೊಂದುಕೊಳ್ಳುತ್ತಾಳೆ ಅಂದೆ. ಹೇಳುವಾಗ ನನಗೇ ಪೂರ್ತಿ ನಂಬಿಕೆಯಾಗಿತ್ತು.

ಭವ್ಯಾ ಹೂಂ ಅಂದಳು. ಇಷ್ಟು ಚಿಕ್ಕದಾಗಿ ಅವಳು ಯಾವತ್ತೂ ಮಾತಾಡಿಲ್ಲ.

ಜೂನ್ 12, ಗುರುವಾರ

ಅಕ್ಕನಿಗೆ ಕಾಗದ ಹಾಕಿದೆ. ಮಿರುಗದ ಮಳೆ ಚೆನ್ನಾಗಿದೆ, ಮಂಡಿ ನೋವು ಹೆಂಗೈತೆ, ಒಂದು ಕಮಿಟಿಯಲ್ಲಿ ಬರೆಯುವ ಕೆಲಸ ಸಿಕ್ಕಿದೆ, ಎಲ್ಲರೂ ಗೌರವ ಕೊಡುತ್ತಾರೆ. ಮಿಕ್ಕದ್ದು ಬರೆಯಲಿಲ್ಲ.

ಜೂನ್ 15, ಭಾನುವಾರ

ಇವತ್ತು ನಮ್ಮ ಬೀದಿಯ ಸರದಿ. ನಮ್ಮ ಎದುರು ಮನೆ ನಾಗರಾಜಪ್ಪ ಬ್ಯಾಂಕಿನಿಂದ ರಿಟೈರಾದವರು. ಅವರ ಮನೆಯ ಪಕ್ಕದ ಪೋರ್ಷನ್ ಖಾಲಿ. ಗೇಟಿಗೆ ಮನೆ ಬಾಡಿಗೆಗಿದೆ ಅನ್ನುವ ಬೋರ್ಡು ತೂಗುತ್ತಿದೆ. ನೀಮಾ ಗೇಟಿನ ಹತ್ತಿರ ನಿಂತಳು, ಆ ಹುಡುಗಿಯ ಹೆಸರು ನೀಮಾ. ಭವ್ಯಾ ಮಾತು ಶುರು ಮಾಡಿದಳು. ನಾಗರಾಜಪ್ಪನವರು ಮಗಳು ಬರ್ತಾಳೆ ಅಂದರು. ಅವರ ಮಗಳು ಮೈಸೂರಲ್ಲಿ ಸ್ವಂತ ಮನೆ ಕಟ್ಟಿದ್ದು ಇಡೀ ಬೀದಿಗೆ ಗೊತ್ತು, ಗೃಹಪ್ರವೇಶದ ಹೋಳಿಗೆ ನಾನೇ ತಿಂದಿದ್ದೇನೆ. ನಾನು ಸ್ವಲ್ಪ ಜೋರಾಗಿಯೇ ಅದನ್ನು ನೆನಪಿಸಿದೆ. ಮನುಷ್ಯರು ಅಂದಮೇಲೆ ನೇರ ಇರಬೇಕು ಅಂತಲೂ ಅಂದೆ. ನನ್ನ ಮಾತು ನನಗೇ ಹಿಡಿಸಿತ್ತು.

ಅವರು ಬನಿಯನ್ ಮೇಲಕ್ಕೆ ಸರಿಸಿ, ಹೊಟ್ಟೆ ಕೆರೆದುಕೊಳ್ಳುತ್ತಾ, ನಿಧಾನವಾಗಿ ಅಂದರು, "ಮಾಲತೇಶಪ್ಪಾರ, ನಿಮ್ಮನಿ ಮೇಲೆ ಯುಗಾದಿಯಿಂದ ಬೀಗ ಬಿದ್ದೈತಲ್ಲ. ಅದನ್ನ ತೆಗೀರಿ ಮೊದ್ಲು. ಆಮೇಲೆ ನಮ್ಮ ಗೇಟಿಗೆ ಬರ್ರಿ."

"ನಮ್ಮದು ಮೋಟರು" ಅಂದೆ ನಾನು.

ನೀಮಾ ನನ್ನನ್ನು ನೋಡಿದಳು. ಅವಳು ಬಾಗಿಲಲ್ಲಿ ಕನ್ನಡ ಕಲಿತವಳು. ಸುಣ್ಣ ಅಂದರೆ ಏನು, ಮಗಳು ಅಂದರೆ ಏನು, ಎಲ್ಲಾ ಗೊತ್ತು ಅವಳಿಗೆ. ನನ್ನ ಕೈಯಿಂದ ಪುಸ್ತಕ ಬೀಳುತ್ತಿತ್ತು, ಹಿಡಿದುಕೊಟ್ಟಳು.

ಜೂನ್ 17, ಮಂಗಳವಾರ

ಸಭೆಗೆ ಹೋಗಲಿಲ್ಲ. ನೆಗಡಿ.

ಜೂನ್ 18, ಬುಧವಾರ

ನೆಗಡಿ ಇಲ್ಲ.

ಜೂನ್ 19, ಗುರುವಾರ

ಅಕ್ಕನ ಕಾಗದ ಬಂತು, ಕಾರ್ಡಿನ ಎರಡೂ ಕಡೆ, ಅಡ್ರೆಸ್ಸಿಗೆ ಜಾಗವೇ ಇಲ್ಲದಂಗೆ. ಭವ್ಯಾ ನಮ್ಮನೆಗೆ ಬಂದು, ನಿಮಗೆ ಮಡಿ ಜಾಸ್ತಿಯಂತೆ ಹೌದೇನಮ್ಮಾ ಅಂತ ಹಾಲಮ್ಮನನ್ನು ಕೇಳಿದ್ದಾಳೆ. ಹಾಲಮ್ಮ ಅದನ್ನು ಹರಿಹರಕ್ಕೆ ಫೋನು ಮಾಡಿ ಹೇಳಿದ್ದಾಳೆ. ಒಂದು ವಾರದಿಂದ ನನ್ನ ಚಹಾಕ್ಕೆ ಸಕ್ಕರೆ ಯಾಕೆ ಇರಲಿಲ್ಲ ಅಂತ ಈಗ ತಿಳಿಯಿತು. ಅಕ್ಕ ಬರೆದದ್ದನ್ನು ಹಾಗೇ ಇಳಿಸುತ್ತೇನೆ.

"ನಾನು ನೊಂದ್ಕೋತೀನಿ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೀಯಂತೆ. ನನ್ನ ಮಂಡಿಗೆ ದಿನಾ ಎಣ್ಣೆ ತಿಕ್ಕೋಕೆ ಬರೋಳು ಯಾವ ಜನ ಅಂತ ಇವತ್ತಿಗೂ ನಾನು ಕೇಳಿಲ್ಲ. ನಿನಗೆ ಮನಸ್ಸಿಲ್ಲ ಅಂದ್ರೆ ಮನಸ್ಸಿಲ್ಲ ಅನ್ನು. ನನ್ನ ಹಿಂದೆ ಅಡಗಿಕೋಬ್ಯಾಡ. ಸಣ್ಣೋನಿದ್ದಾಗ ನಾಯಿ ಬಂದ್ರೆ ಹಂಗೇ ಮಾಡ್ತಿದ್ದಿ. ಉಳಿದಂತೆ ಎಲ್ಲಾ ಕ್ಷೇಮ."

ನನಗೆ ನಾಯಿ ಅಂದರೆ ಹೆದರಿಕೆ ಇರಲಿಲ್ಲ. ಇದನ್ನು ಅಕ್ಕನಿಗೆ ಬರೆಯಬೇಕು.

ಜೂನ್ 20, ಶುಕ್ರವಾರ

ಹನ್ನೊಂದು ಗಂಟೆಗೆ ಜಮಾಲ್ ಬಂದ. ಹೆಗಲಿಗೆ ಆ ಹಳೇ ಖಾಕಿ ಚೀಲ. ಅದರೊಳಗೆ ಫ್ಯಾಕ್ಟರಿ ಕಾಲದ ಸ್ಪ್ಯಾನರುಗಳು. ಹಾಲಮ್ಮಕ್ಕ ಎರಡು ವಾರದಿಂದ ನೀರು ಹೊರುತ್ತಿದ್ದಾಳಂತೆ, ನನಗೆ ಯಾಕೆ ಹೇಳಲಿಲ್ಲ ಅಂದ. ಮೆಕ್ಯಾನಿಕ್ ಬರುತ್ತಾನೆ ಅಂದೆ. ನಾನೇನು ಮಂಡಕ್ಕಿ ಹುರಿಯೋನಾ ಅಂದ. ಹೌದಲ್ಲ ಅಂದೆ. ಇಬ್ಬರೂ ನಕ್ಕೆವು.

ಸಂಪಿನ ಹತ್ತಿರ ಕುಕ್ಕರಗಾಲಲ್ಲಿ ಕೂತ. ಮೋಟರಿನ ಫ್ಯಾನನ್ನು ಬೆರಳಲ್ಲಿ ತಿರುಗಿಸಿ ನೋಡಿದ, ಸಲೀಸಾಗಿ ತಿರುಗಿತು. ಎದ್ದು ಬೋರ್ಡು ನೋಡಿದ. ಫ್ಯೂಸಿನ ಜಾಗದಲ್ಲಿ ಬೆರಳಿಟ್ಟು ಮಸಿ ಇದೆಯಾ ಅಂತ ನೋಡಿಕೊಂಡ. ಅವನ ಬೆರಳು ಸ್ವಚ್ಛವಾಗಿತ್ತು.

"ಸುಟ್ಟಿಲ್ಲ. ಯಾರೋ ಬಿಚ್ಚಿದಾರೆ" ಅಂದ. "ಒಳ್ಳೇ ಕೆಲಸಗಾರ. ಒಂದು ಗೀರೂ ಬಿದ್ದಿಲ್ಲ."

ನಾನು ತೆಂಗಿನಗಿಡ ನೋಡುತ್ತಿದ್ದೆ.

ಅವನು ಸ್ಪ್ಯಾನರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡ. ಬಕಲ್ ಹಾಕುತ್ತಾ, ನನ್ನ ಮುಖ ನೋಡದೆ ಅಂದ, "ಮಾಲ್ತೇಶಣ್ಣ, ಈ ಮೋಟರು ತೊಂಬತ್ತೇಳರಾಗೂ ಹಿಂಗೇ ಕೆಟ್ಟಿತ್ತು."

ಹಾಲಮ್ಮ ಚಹ ತಂದಳು. ಕುಡಿದು, ಚೆನ್ನಾಗೈತಕ್ಕ ಅಂದು ಹೋದ.

ಜೂನ್ 21, ಶನಿವಾರ

ಬರೆಯೋದೇನೂ ಇಲ್ಲ.

ಜೂನ್ 22, ಭಾನುವಾರ

ಇದೆ.

1997ರ ಬೇಸಿಗೆಯಲ್ಲಿ ನಾವು ಮೇಲಿನ ಮನೆ ಹೊಸದಾಗಿ ಕಟ್ಟಿಸಿದ್ದೆವು. ಜಮಾಲ್ ಆಗ ಹರಿಹರದಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದ. ಅವನ ಮಗಳು ಇರಮ್‌ಗೆ ದಾವಣಗೆರೆಯ ಕಾಲೇಜಲ್ಲಿ ಸೀಟು ಸಿಕ್ಕಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಮೆಷಿನ್ ಪಕ್ಕ ಕೂತು, ಮೇಲಿನ ಮನೆ ಕೊಡ್ತೀಯಾ ಅಂತ ಕೇಳಿದ್ದ. ಆಗಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ವರ್ಷಗಟ್ಟಲೆ ಒಂದೇ ಡಬ್ಬಿಯಲ್ಲಿ ತಿಂದಿದ್ದೆವು. ಅದಕ್ಕೇ, ಮೋಟರು ಕೆಟ್ಟೈತೆ, ನೀರು ಹತ್ತಲ್ಲ ಅಂದಿದ್ದೆ.

ಮುಂದಿನ ಭಾನುವಾರ ಬಿಸಿಲಲ್ಲಿ ಹರಿಹರದಿಂದ ಬಸ್ಸು ಹಿಡಿದು, ಅದೇ ಖಾಕಿ ಚೀಲ ಹೆಗಲಿಗೆ ಹಾಕಿಕೊಂಡು ಬಂದ, ರಿಪೇರಿ ಮಾಡಿಕೊಡೋಕೆ. ಅವನು ಬರುತ್ತಾನೆ ಅಂತ ಹಿಂದಿನ ದಿನವೇ ಗೊತ್ತಾಗಿ ನಾನು ಫ್ಯೂಸು ಬಿಚ್ಚಿಟ್ಟಿದ್ದೆ. ಸುಳ್ಳು ಹೇಳಿದ ಹಾಗೆ ಆಗಬಾರದಲ್ಲ. ಅವನು ಬೋರ್ಡು ನೋಡಿದ. ಚಹ ಕುಡಿದು ಹೋದ. ಅವನಿಗೆ ತಿಳಿಯಲಿಲ್ಲ ಅಂತ ಇಪ್ಪತ್ತೆಂಟು ವರ್ಷ ಅಂದುಕೊಂಡಿದ್ದೆ. ಫಿಟ್ಟರು ಜಮಾಲನಿಗೆ ಫ್ಯೂಸು ತಿಳಿಯಲಿಲ್ಲ ಅಂತ.

ಇರಮ್ ಮೂರು ವರ್ಷ ಬೆಳಿಗ್ಗೆ ಏಳು ಗಂಟೆಯ ಬಸ್ಸಿನಲ್ಲಿ ಹರಿಹರದಿಂದ ಓಡಾಡಿ ಓದಿದಳು. ಈಗ ಮಾಯಕೊಂಡದಲ್ಲಿ ಟೀಚರು.

ಡಬ್ಬಿ ಇಳಿಸಿ, ಫ್ಯೂಸು ಹಾಕಿದೆ. ಮೋಟರು ಗುಂಯ್ ಅಂತು. ಹಾಲಮ್ಮ ಬಚ್ಚಲಿನಿಂದ, ಯಾರು ರಿಪೇರಿ ಮಾಡಿದ್ರು ಅಂತ ಕೂಗಿದಳು.

ಜೂನ್ 24, ಮಂಗಳವಾರ

ಹಾಲಮ್ಮನಿಗೆ ಎಲ್ಲಾ ಹೇಳಿದೆ. ಬೈಯುತ್ತಾಳೆ ಅಂತ ಹಿತ್ತಲ ಬಾಗಿಲು ತೆರೆದಿಟ್ಟುಕೊಂಡೇ ಹೇಳಿದೆ. ಬೈಯಲಿಲ್ಲ. ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು.

"ಅವತ್ತು ಜಮಾಲಣ್ಣ ಮನಿ ನೋಡೋಕೆ ಬರ್ತಾರೆ ಅಂತ ತಿಳ್ಕಂಡು ನಾನು ಮೇಲೆ ಗುಡಿಸಿ, ಒರೆಸಿ, ಬಾಗಿಲಿಗೆ ರಂಗೋಲಿ ಹಾಕಿದ್ದೆ. ನೀವು ಮೇಲೆ ಹತ್ತಿಸಲೇ ಇಲ್ಲ. ನಾನು ಏನಂದ್ಕಂಡೆ ಗೊತ್ತೇನು? ನಮ್ಮನಿ ಸಣ್ಣದು ಅಂತ ಅವರಿಗೇ ಹಿಡಿಸಲಿಲ್ಲ ಅಂದ್ಕಂಡೆ."

ಸಂಜೆ ಸಭೆಗೆ ಹೋಗಿ, ಮೋಟರು ಸರಿಯಾಯಿತು, ಮೇಲಿನ ಮನೆ ನೀಮಾಗೆ ಅಂದೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಹೊಡೆಯುತ್ತಾರೆ ಅಂದುಕೊಂಡಿದ್ದೆ ಸ್ವಲ್ಪ. ಭವ್ಯಾ ಚೀಲದಿಂದ ಕರಾರು ಪತ್ರ ತೆಗೆದಳು, ನನ್ನ ಹೆಸರು ಆಗಲೇ ಟೈಪಾಗಿತ್ತು. ಯಾವಾಗ ಟೈಪ್ ಮಾಡಿಸಿದ್ದು ಅಂದರೆ, ಹತ್ತನೇ ತಾರೀಕು ಅಂದಳು.

ನೀಮಾ ಸಹಿ ಹಾಕುವ ಮೊದಲು ಪೂರ್ತಿ ಓದಿಸಿ ಕೇಳಿದಳು. ಆಮೇಲೆ ನನಗೆ ಅಂದಳು, "ಅಜ್ಜಾ, ಮಗಳು ಬರಲ್ಲ ತಾನೆ?"

ನಮಗೆ ಮಗಳಿಲ್ಲ. ಗಂಡು ಮಗನೂ ಇಲ್ಲ. ಯಾರೂ ಬರಲ್ಲ ಅಂದೆ.

ಜೂನ್ 26, ಗುರುವಾರ

ಮೇಲಿನ ಮನೆ ಬಾಗಿಲು ಅಳೆದೆ. ಆರಡಿ ಮೂರಿಂಚು. ಗಿಡ್ಡ ಅಂತ ಯಾಕೆ ಅಂದುಕೊಂಡಿದ್ದೆನೋ.

ಜೂನ್ 29, ಭಾನುವಾರ

ಇವತ್ತು ನಮ್ಮ ಬಡಾವಣೆಯ ಮನೆ ಮಾಲೀಕರನ್ನೆಲ್ಲ ಭಟ್ಟಿಯ ಅಂಗಳಕ್ಕೆ ಕರೆದಿದ್ದೆವು. ಮನೆ ಖಾಲಿ ಇದ್ದರೆ ಯಾವ ಜನ ಅಂತ ಕೇಳುವುದಿಲ್ಲ ಅನ್ನುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವುದು ಉದ್ದೇಶ. ಭಟ್ಟಿ ಆರಿತ್ತು, ಮಿರ್ಚಿ ಬಿಸಿ ಇತ್ತು, ಜನ ಬಂದರು. ನಾಗರಾಜಪ್ಪನವರೂ ಬಂದರು. ಬಾಗಿಲ ಹತ್ತಿರದ ಮೂಟೆಯನ್ನೇ ಆರಿಸಿಕೊಂಡು ಕೂತರು, ಬೇಗ ಹೊರಡೋಕೆ.

ನೆವದ ಪುಸ್ತಕವನ್ನು ಹೆಸರು ಹೇಳದೆ ಓದಬೇಕು ಅಂತ ತೀರ್ಮಾನವಾಗಿತ್ತು. ಓದಿದೆ. ಸುಣ್ಣ, ಬಾಣಂತನ, ಮನೆಯಾಕಿ, ಮನೆಯೋರು. ಜನ ನಗೋಕೆ ಶುರು ಮಾಡಿದರು. ತಮ್ಮ ತಮ್ಮ ನೆವ ಬಂದಾಗ ಮಾತ್ರ ಒಬ್ಬೊಬ್ಬರಾಗಿ ಮಂಡಕ್ಕಿ ಕಡೆ ಬಗ್ಗುತ್ತಿದ್ದರು. ಮೂಟೆಗಳು ಕರಕರ ಅನ್ನುತ್ತಿದ್ದವು. ನಾನು ನಿಂತಲ್ಲಿಂದ ನೋಡಿದರೆ ಯಾರದು ಯಾವುದು ಅಂತ ಸುಲಭವಾಗಿ ಹೇಳಬಹುದಿತ್ತು.

ಕೊನೇ ನಂಬರು ಓದುವಾಗ ಹೆಸರೂ ಓದಿದೆ. ಅದನ್ನು ಬೆಳಿಗ್ಗೆ ನಾನೇ ಬರೆದು ಸೇರಿಸಿದ್ದೆ, ಯಾರಿಗೂ ಹೇಳಿರಲಿಲ್ಲ. ಮಾಲೀಕ, ಮಾಲತೇಶಪ್ಪ. ಕೇಳಿ ಬಂದವಳು, ನೀಮಾ, 2025. ನೆವ, ಮೋಟರು ಕೆಟ್ಟೈತೆ. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿದೆ. ಒಂದನೇ ನಂಬರಿನ ಮೇಲೆ, ಅಂಚಿನಲ್ಲಿ ಒಂದು ಸಾಲಿಗೆ ಜಾಗ ಇತ್ತು. ಕೇಳಿ ಬಂದವರು, ಜಮಾಲ್ ಸಾಬ್, 1997. ಮಾಲೀಕ, ಅದೇ ಮಾಲತೇಶಪ್ಪ. ನೆವ ಅದೇ. ಮೋಟರಿಗೆ ಏನೂ ಆಗಿರಲಿಲ್ಲ ಅಂತ ಓದಿ ಕನ್ನಡಕ ತೆಗೆದೆ.

ಯಾರೂ ನಗಲಿಲ್ಲ. ಒಂದು ಮೂಟೆಯೂ ಅಲ್ಲಾಡಲಿಲ್ಲ.

ಜಮಾಲ್ ಮಿರ್ಚಿಯ ತಟ್ಟೆ ಹಿಡಿದು ನಿಂತಿದ್ದ. "ಚಹ ಮಾತ್ರ ಎರಡೂ ಸಲ ಚೆನ್ನಾಗಿತ್ತು" ಅಂದ. ಈಗ ನಕ್ಕರು ಎಲ್ಲರೂ. ಅವನು ನಗಲಿಲ್ಲ. ಹತ್ತಿರ ಬಂದು, ನನಗೊಬ್ಬನಿಗೇ ಕೇಳುವ ಹಾಗೆ ಅಂದ, "ನನಗೆ ಹೇಳಿದ್ದಾಯ್ತು. ಬಸ್ಸಿನಾಗೆ ಓಡಾಡಿದೋಳು ನಾನಲ್ಲ."

ಹನ್ನೊಂದು ಜನ ಸಹಿ ಹಾಕಿದರು. ನಾಗರಾಜಪ್ಪನವರು ಪೆನ್ನು ಕೈಗೆ ತಗೊಂಡು, ಮಗಳನ್ನು ಒಂದು ಮಾತು ಕೇಳಿ ಹಾಕ್ತೀನಿ ಅಂತ ಎದ್ದು ಹೋದರು. ಪೆನ್ನು ನಂದು.

ಜೂನ್ 30, ಸೋಮವಾರ

ನೀಮಾ ಬಂದಳು. ಎರಡು ಪೆಟ್ಟಿಗೆ, ಒಂದು ಕುಕ್ಕರು, ಒಂದು ಗಿಡ. ಹಾಲಮ್ಮ ಹಾಲು ಉಕ್ಕಿಸಿದಳು. ಬಾಗಿಲಿಗೆ ರಂಗೋಲಿ ಹಾಕೋಕೆ ಬಹಳ ಹೊತ್ತು ಹಿಡಿಯಿತು ಅವಳಿಗೆ.

ಜುಲೈ 4, ಶುಕ್ರವಾರ

ಇರಮ್‌ಗೆ ಕಾಗದ ಬರೆಯಲು ಕೂತಿದ್ದೇನೆ. ನಲವತ್ತು ವರ್ಷ ಕಾಗದ ಬರೆದವನು. ಮೂರು ಹಾಳೆ ಹರಿದೆ. ಕ್ಷೇಮ ಸಮಾಚಾರದಿಂದ ಶುರು ಮಾಡಿದರೆ ಅಲ್ಲೇ ನಿಂತುಬಿಡುತ್ತದೆ. ನಾಲ್ಕನೆಯದರಲ್ಲಿ ಫ್ಯೂಸಿನಿಂದಲೇ ಶುರು ಮಾಡಿದೆ. ಅರ್ಧ ಪುಟಕ್ಕೆ ಮುಗಿದುಹೋಯಿತು. ಇಷ್ಟೇನಾ ಅನ್ನಿಸಿತು. ಅಕ್ಕನಿಗೂ ಹಾಗೇ ಬರೆದು ಎರಡನ್ನೂ ಒಟ್ಟಿಗೆ ಅಂಚೆ ಡಬ್ಬಿಗೆ ಹಾಕಿ ಬಂದೆ.

ಜುಲೈ 11, ಶುಕ್ರವಾರ

ನಮ್ಮ ನೀಮಾಗೆ ವೀಸಾ ಬಂತು. ಕಾಯಿ ಸಾಸಿವೆ ಚಿತ್ರಾನ್ನ ಮಾಡಿ ಕೆಳಗೆ ತಂದುಕೊಟ್ಟಳು. ಹಾಲಮ್ಮನಿಂದ ಕಲಿತದ್ದು, ಹಾಲಮ್ಮನಿಗಿಂತ ಚೆನ್ನಾಗಿತ್ತು. ಇದನ್ನು ಹಾಲಮ್ಮ ಓದಬಾರದು.

ನಾಗರಾಜಪ್ಪನವರು ಎರಡು ದಿನದಿಂದ ನಮ್ಮ ಗೇಟಿಗೆ ಬರುತ್ತಾರೆ. ಒಳಗೆ ಬರಲ್ಲ. ಬಿ.ಪಿ. ಮಾತ್ರೆಯ ಚೀಟಿ ಮೇಲಕ್ಕೆ ತೋರಿಸಿ, ಇದನ್ನ ಊಟಕ್ಕೆ ಮುಂಚೆಯೋ ಆಮೇಲೋ ಹೇಳಮ್ಮಾ ಅಂತ ಕೂಗುತ್ತಾರೆ. ಅವಳು ಬಾಲ್ಕನಿಯಿಂದ ಹೇಳುತ್ತಾಳೆ. ಇವತ್ತು, ಮಗಳು ಬಂದಳಾ ಅಂಕಲ್ ಅಂತಲೂ ಕೇಳಿದಳು. ಅವರು ಕೆಮ್ಮಿಕೊಂಡು ಹೋದರು. ಬೋರ್ಡು ಇನ್ನೂ ತೂಗುತ್ತಿದೆ. ನಾಳೆ ಭವ್ಯಾ ಮನೆ ಹುಡುಕುತ್ತಿರುವ ಇನ್ನಿಬ್ಬರನ್ನು ಕರೆದುಕೊಂಡು ಅವರ ಗೇಟಿಗೆ ಹೋಗುತ್ತಾಳೆ. ಇಸ್ತ್ರಿ ಅಂಗಿ ತೆಗೆದಿಟ್ಟಿದ್ದೇನೆ.

ಇರಮ್‌ನಿಂದ ಕಾಗದ ಬಂದಿಲ್ಲ.

ಜುಲೈ 20, ಭಾನುವಾರ

ಕಾಗದ ಬರಲಿಲ್ಲ. ಅವಳೇ ಬಂದಳು.

ಮಾಯಕೊಂಡದಿಂದ ಸ್ಕೂಟರಿನಲ್ಲಿ ಒಬ್ಬಳೇ ಬಂದಿದ್ದಳು. ಕನ್ನಡಕ ಬಂದಿದೆ, ಕೂದಲು ಅಲ್ಲಲ್ಲಿ ಬೆಳ್ಳಗಾಗಿದೆ. ನನಗೆ ಇನ್ನೂ ಪಿ.ಯು.ಸಿ. ಹುಡುಗಿಯೇ ನೆನಪಿನಲ್ಲಿದ್ದಳು. ಒಳಗೆ ಬಾರಮ್ಮಾ, ಕೂಡು ಅಂದೆ. ಆಮೇಲೆ ಕೂಡ್ತೀನಿ ಮಾಮಾ, ಮೊದಲು ಮೇಲಿನ ಮನೆ ನೋಡಲಾ ಅಂದಳು.

ನೀಮಾ ಬಾಗಿಲು ತೆರೆದು ಒಳಗೆ ಕರೆದಳು. ಇರಮ್ ಕೋಣೆ ನೋಡಿದಳು, ಕಿಟಕಿ ನೋಡಿದಳು. ಅಲ್ಲಿಂದ ಕಾಲೇಜಿನ ದಾರಿ ಕಾಣುತ್ತದೆ, ನಡೆದರೆ ಹತ್ತು ನಿಮಿಷ. ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ನೀರು ಜೋರಾಗಿ ಬಂತು. ಅಂಗೈ ಹಿಡಿದು, ಸ್ವಲ್ಪ ಹೊತ್ತು ಹರಿಯೋಕೆ ಬಿಟ್ಟು, ನಿಲ್ಲಿಸಿದಳು.

"ನೀರು ಚೆನ್ನಾಗಿ ಬರ್ತೈತೆ ಮಾಮಾ" ಅಂದಳು.

"ಯಾವಾಗ್ಲೂ ಬರ್ತಿತ್ತಮ್ಮ" ಅಂದೆ.